ಸಾಸಿವೆ ಡಬ್ಬಿಯೂ ಸ್ಕೂಟರಿನ ಸೀಟ್ ಕವರೂ

ಅವರೆಕಾಯಿ ಕಾಲ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸೊಗಡಿನ ಕಾಯಿಯ ರಾಶಿ ಮುಂದೆ ಕುಕ್ಕರಗಾಲಲ್ಲಿ ಕೂತು ಈ ಅಂಕಣಕಾರ ಹತ್ತು ನಿಮಿಷ ಚೌಕಾಸಿ ಮಾಡಿದ. ಕೆಜಿಗೆ 80 ಅಂದವಳು 75ಕ್ಕೆ ಇಳಿದಳು. ಇವನು 70 ಬಿಟ್ಟು ಮೇಲೇಳಲಿಲ್ಲ. "ತಗೊಂಡೋಗಪ್ಪ, ಬೋಣಿ ಹೊತ್ತಲ್ಲಿ ಯಾಕೆ ಜಗಳ" ಅಂತ ಅವಳೇ ಸೋತು ತೂಗಿ, ಮೇಲೊಂದು ಹಿಡಿ ಕೊಸರೂ ಹಾಕಿದಳು. ಎರಡು ಕೆಜಿಗೆ ಇಪ್ಪತ್ತು ರೂಪಾಯಿ ಉಳಿಯಿತು. ಮನೆಯವರೆಗೂ ರಾಜ್ಯ ಗೆದ್ದವನ ನಡಿಗೆ.

ಅದೇ ದಿನ ಮಧ್ಯಾಹ್ನ ಸ್ಕೂಟರ್ ಶೋರೂಮು. ಆನ್‌ರೋಡ್ ಬೆಲೆ ಒಂದು ಲಕ್ಷದ ಮೇಲೆ ಚಿಲ್ಲರೆ. ಬಿಲ್ಲಿನ ತಳದಲ್ಲಿ ಸೀಟ್ ಕವರ್, ಫುಟ್‌ಮ್ಯಾಟ್, ಗಾರ್ಡ್ ಎಂದು 4,650 ರೂಪಾಯಿ ಸದ್ದಿಲ್ಲದೆ ಸೇರಿತ್ತು. ಇದೇ ಸಾಮಾನು ಹೊರಗಿನ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆಂದು ಅಂಕಣಕಾರನಿಗೆ ಗೊತ್ತಿತ್ತು. "ಲಕ್ಷದ ಗಾಡಿ ಸಾರ್, ಇದೇನು ಮಹಾ" ಅಂದ ಸೇಲ್ಸ್ ಹುಡುಗ. ಇವನು ಸಹಿ ಹಾಕಿದ.

ಬೆಳಗಿನ ಶೂರ ಮಧ್ಯಾಹ್ನ ಎಲ್ಲಿ ಹೋದ?

ಇದಕ್ಕೆ ಉತ್ತರ 1981ರಲ್ಲೇ ಅಚ್ಚಾಗಿತ್ತು. ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ವಿದ್ಯಾರ್ಥಿಗಳಿಗೆ ಕೇಳಿದ ಒಂದು ಪ್ರಶ್ನೆ ಇದೆ. ನೀವು 125 ಡಾಲರಿನ ಜಾಕೆಟ್ಟು, 15 ಡಾಲರಿನ ಕ್ಯಾಲ್ಕುಲೇಟರ್ ಕೊಳ್ಳಲು ಹೊರಟಿದ್ದೀರಿ. ಇಪ್ಪತ್ತು ನಿಮಿಷ ಗಾಡಿ ಓಡಿಸಿದರೆ ಅದೇ ಅಂಗಡಿಯ ಇನ್ನೊಂದು ಶಾಖೆಯಲ್ಲಿ ಕ್ಯಾಲ್ಕುಲೇಟರ್ 10 ಡಾಲರಿಗೆ ಸಿಗುತ್ತದೆ. ಹೋಗುತ್ತೀರಾ? ನೂರಕ್ಕೆ 68 ಮಂದಿ ಹೋಗುತ್ತೇವೆ ಅಂದರು. ಇನ್ನೊಂದು ಗುಂಪಿಗೆ ಬೆಲೆಗಳನ್ನು ಅದಲುಬದಲು ಮಾಡಿ ಕೇಳಿದರು: ಜಾಕೆಟ್ಟು 15, ಕ್ಯಾಲ್ಕುಲೇಟರ್ 125, ಆಚೆ ಶಾಖೆಯಲ್ಲಿ 120. ಈಗ ಹೊರಟವರು ನೂರಕ್ಕೆ 29 ಮಾತ್ರ. ದಾರಿ ಅಷ್ಟೇ, ಒಟ್ಟು ಬಿಲ್ಲೂ ಅಷ್ಟೇ, ಉಳಿಯುವುದೂ ಅದೇ ಐದು ಡಾಲರು. ಆದರೆ ಮನಸ್ಸು ಐದನ್ನು ಐದಾಗಿ ಎಣಿಸಲೇ ಇಲ್ಲ. ಪಕ್ಕದಲ್ಲಿ ಎಷ್ಟು ದೊಡ್ಡ ಅಂಕಿ ನಿಂತಿದೆ ಎಂದು ನೋಡಿ ಬೆಲೆ ಕಟ್ಟಿತು. ಕಾನೆಮನ್‌ಗೆ 2002ರಲ್ಲಿ ನೊಬೆಲ್ ಬಂತು, ಅದೂ ಅರ್ಥಶಾಸ್ತ್ರಕ್ಕೆ. ಅಷ್ಟು ಹೊತ್ತಿಗೆ ಟ್ವರ್ಸ್ಕಿ ತೀರಿಕೊಂಡು ಆರು ವರ್ಷ.

ರಿಚರ್ಡ್ ಥೇಲರ್ ಇದೇ ಎಳೆ ಹಿಡಿದು ಮುಂದೆ ಹೋದರು. ದುಡ್ಡೆಲ್ಲ ಒಂದೇ ಎನ್ನುವುದು ಅರ್ಥಶಾಸ್ತ್ರದ ಪುಸ್ತಕದ ಮಾತು, ಜನ ಮನಸ್ಸಿನೊಳಗೆ ಬೇರೆ ಬೇರೆ ಖಾತೆ ತೆರೆದಿರುತ್ತಾರೆ, ಒಂದರ ಹಣ ಇನ್ನೊಂದಕ್ಕೆ ದಾಟುವುದಿಲ್ಲ ಎಂದರು. 2017ರಲ್ಲಿ ಅವರಿಗೂ ನೊಬೆಲ್. ಸಾಸಿವೆ ಡಬ್ಬಿಯಲ್ಲಿ ನೋಟು ಮಡಿಸಿಟ್ಟ ನಮ್ಮ ಹೆಂಗಸರಿಗೆ ಇದೇನು ಹೊಸ ಸುದ್ದಿಯಲ್ಲ. ಹಾಲಿನವನ ದುಡ್ಡು ಬೇರೆ, ಹಬ್ಬದ್ದು ಬೇರೆ. ಡಬ್ಬಿಯದ್ದು ಗಂಡನಿಗೂ ಗೊತ್ತಾಗಬಾರದ್ದು.

ಅಂಕಣಕಾರನ ತಲೆಯಲ್ಲೂ ಡಬ್ಬಿಗಳಿದ್ದವು. ಕೆಲವು ವರ್ಷದ ಹಿಂದೆ ಮನೆ ರಿಪೇರಿಗೆ ಒಂದೂವರೆ ಲಕ್ಷ ಬೇಕಾದಾಗ ಅವನು ಹೆಂಡತಿಯ ಬಳೆ ಅಡವಿಟ್ಟು ಶೇ. 14ರ ಬಡ್ಡಿಗೆ ಸಾಲ ತಂದ. ಬೀರುವಿನಲ್ಲಿ ಸರಿಯಾಗಿ ಒಂದೂವರೆ ಲಕ್ಷದ ಎಫ್‌ಡಿ ಇತ್ತು, ಬಡ್ಡಿ ಶೇ. 7. ಅದರ ಕವರಿನ ಮೇಲೆ 'ಮಗಳ ಕಾಲೇಜು' ಎಂದು ಅವನೇ ಬರೆದಿದ್ದ. ವರ್ಷಕ್ಕೆ 10,500 ಬರುತ್ತಿತ್ತು, 21,000 ಹೋಗುತ್ತಿತ್ತು. ಪರರ ಹಣಕ್ಕೆ ಬುದ್ಧಿ ಹೇಳಿ ಸಂಭಾವನೆ ಪಡೆಯುವವನ ಕಣ್ಣಿಗೆ ಇದು ಹನ್ನೊಂದು ತಿಂಗಳು ಬೀಳಲಿಲ್ಲ.

"ಅಲ್ಲಾ ರೀ, ಆ ಎಫ್‌ಡಿ ಮುರಿಸಬಾರದಾ?"

"ಅದು ಮಗಳದ್ದು ಕಣೇ."

"ಬಳೆ ಯಾರದ್ದು?"

ಮರುದಿನವೇ ಎಫ್‌ಡಿ ಮುರಿಸಿದ. ಅವಧಿಗೆ ಮೊದಲೇ ತೆಗೆದಿದ್ದಕ್ಕೆ ಬ್ಯಾಂಕು ಬಡ್ಡಿಯಲ್ಲಿ ಒಂದು ಪರ್ಸೆಂಟ್ ಹಿಡಿದುಕೊಂಡಿತು. ಬಳೆ ಮನೆಗೆ ಬಂತು.

ಹಾಗಂತ ಡಬ್ಬಿಗಳನ್ನೆಲ್ಲ ಒಡೆದುಹಾಕಿ ಎಂದು ಬರೆಯಲು ಅಂಕಣಕಾರನಿಗೆ ಧೈರ್ಯವಿಲ್ಲ. ಪ್ರತಿ ರೂಪಾಯಿಗೂ ಪೂರ್ತಿ ಲೆಕ್ಕ ಹಾಕುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ, ಸಾಕಷ್ಟು ಚೆನ್ನಾಗಿದೆ ಅನ್ನಿಸಿದಲ್ಲಿ ಮನುಷ್ಯ ನಿಲ್ಲುತ್ತಾನೆ ಎಂದು ಹರ್ಬರ್ಟ್ ಸೈಮನ್ ಹೇಳಿದ್ದು ಇವರೆಲ್ಲರಿಗಿಂತ ಮೊದಲು. 'ಮಗಳ ಕಾಲೇಜು' ಎಂಬ ಎರಡು ಪದ ಇಲ್ಲದಿದ್ದರೆ ಆ ಒಂದೂವರೆ ಲಕ್ಷ ಯಾವತ್ತೋ ಟೀವಿಯಾಗಿ ಗೋಡೆ ಏರಿರುತ್ತಿತ್ತು. ಕೂಡಿಟ್ಟಿದ್ದೂ ಅದೇ ಹೆಸರು, ಬಡ್ಡಿ ತೆರಿಸಿದ್ದೂ ಅದೇ.

ಡಬ್ಬಿಯ ಗಟ್ಟಿತನ ಎಷ್ಟೆಂದು ಅವನು ಕಂಡದ್ದು ಅಮ್ಮನ ಅಡುಗೆಮನೆಯಲ್ಲಿ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಸುದ್ದಿ ಬಂದಾಗ ಅಮ್ಮ ಮಾತಿಲ್ಲದೆ ಒಳಗೆ ಹೋಗಿ ಡಬ್ಬಿ ತಂದು ಸುರಿದಳು. ಸಾಸಿವೆ ಕಾಳಿನ ಜೊತೆ ಐನೂರರ 23 ನೋಟು, 11,500 ರೂಪಾಯಿ. ಅಷ್ಟಿತ್ತೆಂದು ಅಪ್ಪನಿಗೆ ಆವತ್ತೇ ಗೊತ್ತಾದದ್ದು. ಕ್ಯೂ ನಿಂತು ಅದನ್ನು ಅಪ್ಪನ ಪೆನ್ಷನ್ ಖಾತೆಗೆ ಕಟ್ಟಿದ್ದಾಯಿತು. ಹೊಸ ನೋಟು ಕೈಗೆ ಸಿಗತೊಡಗಿದ ಮೇಲೆ ಅಂಕಣಕಾರ, "ಅಮ್ಮಾ, ನಿನ್ನ ದುಡ್ಡು ತೆಗೆದುಕೊಡ್ಲಾ?" ಎಂದು ಕೇಳಿದ.

"ಬೇಡ ಬಿಡೋ. ಅದೀಗ ನಿಮ್ಮಪ್ಪನ ಮಾತ್ರೆ ದುಡ್ಡು" ಅಂದಳು.

ಸಂಕ್ರಾಂತಿಗೆ ಎಳ್ಳು ಹುರಿಯುವಾಗ ಡಬ್ಬಿ ಕೈಗೆ ಬಂತು. ಸಾಸಿವೆಯ ಅಡಿಯಲ್ಲಿ ನೂರರ ಎರಡು ನೋಟು ಮಡಿಸಿ ಕೂತಿದ್ದವು.