ಮಳೆಯಲ್ಲಿ ಮಿಸ್ಸಿಂಗ್ ಹೊಡೆಯುವ ಯೆಜ್ಡಿ

ಅಪ್ಪನ ಯೆಜ್ಡಿ ಬೈಕನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀರಲ್ಲ, ಖುಷಿಯಾಯಿತು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಪ್ಲಗ್ ವೈರ್ ಅಂದಿನದೇ ಆಗಿದ್ದರೆ ಅದರ ರಬ್ಬರ್ ಇಷ್ಟು ಹೊತ್ತಿಗೆ ಸೀಳಿರುತ್ತದೆ. ಬಿಸಿಲಲ್ಲಿ ಸರಿಯಿದ್ದು ಮಳೆಯಲ್ಲಷ್ಟೇ ಮಿಸ್ಸಿಂಗ್ ಹೊಡೆದರೆ ಕಾರ್ಬುರೇಟರ್ ಬಿಚ್ಚಲು ಹೋಗಬೇಡಿ. ರಾತ್ರಿ ಬಯಲಲ್ಲಿ ಗಾಡಿ ಸ್ಟಾರ್ಟ್ ಮಾಡಿ, ದೀಪ ಆರಿಸಿ, ವೈರಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಬಿರುಕಿನಿಂದ ನೀಲಿ ಕಿಡಿ ಟಿಕ್ ಟಿಕ್ ಎಂದು ಎಂಜಿನ್ನಿನ ಫಿನ್ನಿಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ಮುಟ್ಟಲೇಬೇಡಿ, ಅದು ಸಾವಿರಾರು ವೋಲ್ಟ್.

ಅಂಗಡಿಯಲ್ಲಿ ತಾಮ್ರದ ಎಳೆಯಿರುವ 7 ಮಿ.ಮೀ. ವೈರನ್ನೇ ಕೇಳಿ. ಕಾರಿನ ಕಾರ್ಬನ್ ವೈರ್ ಬೇಡ, ಪ್ಲಗ್ ಕ್ಯಾಪಿನೊಳಗಿನ ಸ್ಕ್ರೂ ಅದರಲ್ಲಿ ಸರಿಯಾಗಿ ಕಚ್ಚುವುದಿಲ್ಲ. ಎಂಜಿನ್ ಆರಿಸಿ, ಕೀ ತೆಗೆದ ಮೇಲೆ ಕೆಲಸ ಶುರು ಮಾಡಿ. ತುದಿಯನ್ನು ನೇರವಾಗಿ ಕತ್ತರಿಸಿ, ಕ್ಯಾಪನ್ನು ಒತ್ತಿ ಬಲಕ್ಕೆ ತಿರುಗಿಸಿ, ಎಳೆದರೂ ಬರಬಾರದು. ಹಳೆಯದರಷ್ಟೇ ಉದ್ದವಿರಲಿ, ಸೈಲೆನ್ಸರಿಗೆ ತಾಗದಿರಲಿ. ಗಟ್ಟಿಯಾದ ಕ್ಯಾಪನ್ನೂ ಬದಲಿಸಿ, ಅಲ್ಲಿಂದಲೂ ನೀರು ನುಗ್ಗುತ್ತದೆ. ವೈರ್ ಕಾಯಿಲಿನೊಳಗೇ ಅಚ್ಚಾಗಿ ಕೂತಿದ್ದರೆ ಮಾತ್ರ ಕೀಳಬೇಡಿ, ಕಾಯಿಲನ್ನೇ ಹೊಸದು ಹಾಕಿಸಿ.