625ರ ಲೆಕ್ಕ ತಿಳಿದರೆ ಅರ್ಧ ಭಯ ಹೋಯಿತು: ಕೆಸರೆಯ ಹತ್ತನೇ ತರಗತಿ ಮಕ್ಕಳಿಗೆ 8 ಸೂತ್ರಗಳು

ಕೆಸರೆಯ ಹಲವು ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ಮೊದಲ ಮಗು ನೀವೇ. ಅಪ್ಪ ಗಾರೆ ಕೆಲಸ ಮುಗಿಸಿ, ಅಮ್ಮ ನಾಲ್ಕು ಮನೆ ಪಾತ್ರೆ ತೊಳೆದು ಬಂದು ‘ಚೆನ್ನಾಗಿ ಓದು ಕಂದ’ ಎನ್ನುತ್ತಾರೆ. ಯಾವ ಅಂಕ ಎಲ್ಲಿಂದ ಬರುತ್ತದೆಂದು ಹೇಳಿಕೊಡಲು ಅವರಿಗೆ ಗೊತ್ತಿಲ್ಲ. ಅದು ಅವರ ತಪ್ಪಲ್ಲ. ಆದರೆ ಆ ಲೆಕ್ಕ ಗೊತ್ತಿರುವ ಮನೆಯ ಮಗು ನಿಮಗಿಂತ ಮುಂದೆ ನಿಂತಿರುತ್ತದೆ. ಬುದ್ಧಿಯಲ್ಲಲ್ಲ, ಮಾಹಿತಿಯಲ್ಲಿ. ಆ ಅಂತರವನ್ನು ಇವತ್ತೇ ಮುಚ್ಚಿ.

1. 625 ಅನ್ನು ಬಿಡಿಸಿ ನೋಡಿ
ಪ್ರಥಮ ಭಾಷೆ ಕನ್ನಡವಿರಲಿ, ಉರ್ದುವಿರಲಿ, ಅದಕ್ಕೆ 125 ಅಂಕ. ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ ಪರೀಕ್ಷಾ ಕೊಠಡಿಯಲ್ಲಿ ಬರೆದು ಗಳಿಸುವುದು 500. ಮಿಕ್ಕ 125 ಆಂತರಿಕ ಅಂಕ: ಪ್ರಥಮ ಭಾಷೆಗೆ 25, ಉಳಿದವಕ್ಕೆ ತಲಾ 20. ಅಂದರೆ ಐದರಲ್ಲಿ ಒಂದು ಪಾಲು ನಿಮ್ಮ ಶಾಲೆಯಲ್ಲೇ ಸಿಗುತ್ತದೆ.

2. ಪರೀಕ್ಷೆ ಶುರುವಾಗುವುದು ಮಾರ್ಚ್‌ನಲ್ಲಲ್ಲ, ಜೂನ್‌ನಲ್ಲಿ
ಆಂತರಿಕ ಅಂಕ ಬರುವುದು ವರ್ಷವಿಡೀ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಿಂದ, ಅಂದರೆ ಚಟುವಟಿಕೆ ಮತ್ತು ಕಿರುಪರೀಕ್ಷೆಗಳಿಂದ. ಪ್ರಾಜೆಕ್ಟ್ ಪುಸ್ತಕವನ್ನು ಕೊನೆಯ ದಿನ ಗೆಳತಿಯಿಂದ ನಕಲು ಮಾಡಬೇಡಿ. ಪ್ರತಿ ಸುತ್ತು ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, ‘ನನಗೆಷ್ಟು ಬಂತು, ಎಲ್ಲಿ ಹೋಯಿತು’ ಎಂದು ಕೇಳಿ.

3. ಹಾಜರಿ ಕಾಯ್ದುಕೊಳ್ಳಿ
ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕೇ ಬೇಕು. ಇದು ಅಪ್ಪ ಅಮ್ಮಂದಿರಿಗೂ ಹೇಳುವ ಮಾತು: ಊರಿನ ಜಾತ್ರೆಗೆಂದು ವಾರ, ಚಿಕ್ಕ ಮಗುವನ್ನು ನೋಡಿಕೊಳ್ಳಲೆಂದು ಮೂರು ದಿನ ಹೀಗೆ ನಿಲ್ಲಿಸಿದ ದಿನಗಳೆಲ್ಲ ಫೆಬ್ರವರಿಯಲ್ಲಿ ಒಟ್ಟಾಗಿ ಎದುರು ಬಂದು ನಿಲ್ಲುತ್ತವೆ.

4. 33 ಬರೀ ಹೊಸಿಲು
2025-26ರಿಂದ ಪಾಸಾಗಲು ಒಟ್ಟು ಶೇ. 33, ಅಂದರೆ 625ಕ್ಕೆ 206 ಸಾಕು. ಪ್ರತಿ ವಿಷಯದಲ್ಲಿ ಆಂತರಿಕವೂ ಸೇರಿ ಕನಿಷ್ಠ ಶೇ. 30 ಇರಬೇಕು. ಮೊದಲು ಪಾಸಿನ ಮಿತಿ ಶೇ. 35 ಇತ್ತು. ಒಂದೇ ವಿಷಯದಲ್ಲಿ ಎಡವುತ್ತಿದ್ದ ಮಗುವಿಗೆ ಇದು ನಿಜವಾದ ಆಸರೆ. ಆದರೆ ಹೊಸಿಲಲ್ಲೇ ಕೂತರೆ ಮನೆಯೊಳಗೆ ಹೋಗುವುದು ಯಾವಾಗ? ಗುರಿ ಮೇಲಿಡಿ.

5. ಒಂದು ಗ್ರೇಡ್ ಮೇಲಕ್ಕೆ ಕಣ್ಣಿಡಿ
563ರಿಂದ ಎ ಪ್ಲಸ್, 500ರಿಂದ ಎ, 438ರಿಂದ ಬಿ ಪ್ಲಸ್, 375ರಿಂದ ಬಿ. ಅರ್ಧವಾರ್ಷಿಕದ ಲೆಕ್ಕದಲ್ಲಿ ನೀವು 350ರ ಆಸುಪಾಸಿನಲ್ಲಿದ್ದೀರಿ ಅನ್ನಿ. ಬಿ ಗ್ರೇಡಿಗೆ ಬೇಕಿರುವುದು 25. ಆರು ವಿಷಯಕ್ಕೆ ಹಂಚಿದರೆ ವಿಷಯಕ್ಕೆ ನಾಲ್ಕೈದು ಅಂಕ, ಅಷ್ಟೇ. ‘ಜಾಸ್ತಿ ಓದಬೇಕು’ ಅನ್ನುವುದು ಹೊರೆ. ‘ವಿಷಯಕ್ಕೆ ಐದು ಅಂಕ’ ಅನ್ನುವುದು ಕೆಲಸ.

6. ಗಣಿತದಲ್ಲಿ ಹಂತ ಬಿಡಬೇಡಿ
80 ಅಂಕದ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ. ಒಂದು ಅಂಕದವೇ 16. ಎರಡು ಅಂಕದವು 8, ಮೂರರವು 9, ನಾಲ್ಕರವು 4, ಐದರದ್ದು 1. ಮೊದಲ 16 ಸಲೀಸಾದರೆ ಧೈರ್ಯ ತಾನಾಗಿ ಬರುತ್ತದೆ. ಇನ್ನು ನಕ್ಷೆಯ ಲೆಕ್ಕ: ಎರಡು ಸಮೀಕರಣಕ್ಕೆ ಎರಡು ಕೋಷ್ಟಕ ಬರೆಯಿರಿ, ಗ್ರಾಫ್ ಹಾಳೆಯ ಮೂಲೆಯಲ್ಲಿ ಸ್ಕೇಲ್ ಗುರುತಿಸಿ, ಚೂಪು ಪೆನ್ಸಿಲ್‌ನಲ್ಲಿ ರೇಖೆ ಎಳೆಯಿರಿ, ಅವು ಕೂಡುವ ಬಿಂದುವಿಗೆ ಬೆಲೆ ಬರೆಯಿರಿ. ಕೊನೆಯ ಉತ್ತರ ತಪ್ಪಿದರೂ ಸರಿಯಾದ ಕೋಷ್ಟಕಕ್ಕೆ ಅಂಕವಿದೆ. ಖಾಲಿ ಬಿಟ್ಟ ಪುಟಕ್ಕೆ ಯಾರೂ ಅಂಕ ಕೊಡಲಾರರು. ಮಾದರಿ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಗಡಿಯಾರ ಎದುರಿಟ್ಟು ವಾರಕ್ಕೊಂದು ಬಿಡಿಸಿ.

7. ಜಾರಿದರೆ ಎದ್ದು ಮತ್ತೆ ಬರೆಯಿರಿ
2023-24ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫೇಲಾದವರು ಮಾತ್ರವಲ್ಲ, ಅಂಕ ಹೆಚ್ಚಿಸಿಕೊಳ್ಳಲು ಬಯಸುವವರೂ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅಂಕ ತೀರಾ ಕಡಿಮೆ ಅನ್ನಿಸಿದರೆ ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಿ, ಮೇಷ್ಟ್ರ ಜೊತೆ ಕೂತು ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ. ಅಮ್ಮಂದಿರೇ, ಫಲಿತಾಂಶದ ದಿನ ಮಗುವನ್ನು ಒಂಟಿ ಬಿಡಬೇಡಿ. ಮೊದಲು ಊಟ ಹಾಕಿ, ಆಮೇಲೆ ಮಾತಾಡಿ.

8. ತಂಗಿ ತಮ್ಮಂದಿರಿಗೆ ದಾರಿ ತೋರಿಸಿ
ಮನೆಯಲ್ಲಿ ಎಂಟನೇ ತರಗತಿಯ ಮಗುವಿದ್ದರೆ ಎನ್‌ಎಂಎಂಎಸ್ ಪರೀಕ್ಷೆಗೆ ಕೂರಿಸಿ. ಸರ್ಕಾರಿ, ಅನುದಾನಿತ ಶಾಲೆಯ, ಕಡಿಮೆ ಆದಾಯದ ಮನೆಯ ಮಕ್ಕಳಿಗಾಗಿ ಇರುವ ವಿದ್ಯಾರ್ಥಿವೇತನ ಅದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಓದು ನಿಲ್ಲಿಸಿ ಕೆಲಸಕ್ಕೆ ಕಳಿಸೋಣವೇ ಎಂಬ ಮಾತು ಬರುವ ಮನೆಯಲ್ಲಿ ಈ ಹಣಕ್ಕೆ ದೊಡ್ಡ ತೂಕವಿದೆ.

ಇಂದು ರಾತ್ರಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆರು ವಿಷಯ ಬರೆಯಿರಿ. ಒಂದೊಂದರ ಮುಂದೆ ಈಗ ಬಂದಿರುವ ಅಂಕ, ಬರಬೇಕಾದ ಅಂಕ ಬರೆಯಿರಿ. ನಂತರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ 625ರ ಲೆಕ್ಕವನ್ನು ವಿವರಿಸಿ. ಅವರಿಗೆ ಅರ್ಥವಾಗುವ ಹಾಗೆ ಹೇಳಿದಿರಿ ಎಂದರೆ ನಿಮಗದು ಪೂರ್ತಿ ಅರ್ಥವಾಗಿದೆ ಎಂದೇ ಲೆಕ್ಕ. ನಾಳೆಯಿಂದ ‘ಚೆನ್ನಾಗಿ ಓದು’ ಎನ್ನುವ ಬದಲು ಅಮ್ಮ ಕೇಳುತ್ತಾರೆ: ‘ವಿಜ್ಞಾನದಲ್ಲಿ ಆ ಐದು ಅಂಕ ಎಲ್ಲಿಗೆ ಬಂತು?’