ಒಕ್ಕಲುಗಳ ಪರ ನಿಂತ ಕಕ್ಕಿಲ್ಲಾಯರು

ಅಕ್ಕಂದಿರೇ, ‘ಡಿಕ್ಲರೇಶನ್’ ಎಂಬ ಮಾತು ಕೇಳಿದ್ದೀರಲ್ಲ? “ಇದು ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ” ಎಂದು ನಮ್ಮ ವಿಟ್ಲದ ಕಡೆ ಹಿರಿಯರು ಹೇಳುವುದುಂಟು. ಆ ಮಾತಿನ ಹಿಂದೆ ಒಂದು ಕಾನೂನು ಉಂಟು. ಆ ಕಾನೂನು ಬಂದಾಗ ನಮ್ಮ ಬಂಟ್ವಾಳದ ಶಾಸಕರಾಗಿದ್ದವರು ಬಿ.ವಿ. ಕಕ್ಕಿಲ್ಲಾಯರು.

ಅವರು ಹುಟ್ಟಿದ್ದು 1919ರಲ್ಲಿ, ಕಾಸರಗೋಡು ಹತ್ತಿರದ ಬೇವಿಂಜೆಯಲ್ಲಿ. ಆಗ ಕಾಸರಗೋಡು ನಮ್ಮ ಜಿಲ್ಲೆಗೇ ಸೇರಿತ್ತು. ಅವರದು ಜಮೀನುದಾರರ ಮನೆತನ. ಗೇಣಿ ಕೊಡುವ ಮನೆ ಅಲ್ಲ, ತೆಗೆದುಕೊಳ್ಳುವ ಮನೆ. ಆದರೂ ಅವರು ಒಕ್ಕಲುಗಳ ಪರ ನಿಂತರು. ಇದೇನು ಸಣ್ಣ ಮಾತೇ?

ಒಕ್ಕಲುಗಳ ಬಾಳು ಹೇಗಿತ್ತು? ಮನೆಯ ಅಜ್ಜಿಯನ್ನು ಕೇಳಿ ನೋಡಿ. ಗದ್ದೆ ಹೂಡಿದವರು, ನೇಜಿ ನೆಟ್ಟವರು, ಕೊಯ್ದವರು ಎಲ್ಲ ಒಕ್ಕಲಿನವರು. ಗದ್ದೆ ಮಾತ್ರ ಧಣಿಯದು. ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದು ಕೊಡಬೇಕು. ಹಬ್ಬಕ್ಕೆ ಸೌತೆಕಾಯಿ, ಬಾಳೆಗೊನೆ ಹೊತ್ತುಕೊಂಡು ಹೋಗಬೇಕು. ಚಾಲಗೇಣಿಯವರ ಪಾಡು ಇನ್ನೂ ಕಷ್ಟ. ಧಣಿ “ಜಾಗ ಬಿಡು” ಅಂದರೆ ಮಕ್ಕಳುಮರಿ ಕಟ್ಟಿಕೊಂಡು ಏಳಬೇಕು, ಅಷ್ಟೆ.

ಕಕ್ಕಿಲ್ಲಾಯರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು ಜೈಲಿಗೆ ಹೋದರು. ಕಮ್ಯುನಿಸ್ಟ್ ಪಕ್ಷ ಸೇರಿದರು. 1952ರಲ್ಲಿ ದೆಹಲಿಯಲ್ಲಿ ರಾಜ್ಯಸಭೆ ಮೊದಲ ಸಲ ಸೇರಿದಾಗ ಅದರಲ್ಲಿ ಅವರೂ ಒಬ್ಬರು. ಆಗ ವಯಸ್ಸು 33. ಕನ್ನಡಿಗರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂದು ದುಡಿದರು. 1956ರಲ್ಲಿ ನಮ್ಮ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು. ಅವರ ಹುಟ್ಟೂರು ಮಾತ್ರ ಕೇರಳಕ್ಕೆ ಹೋಯಿತು.

1972ರಲ್ಲಿ ಬಂಟ್ವಾಳದಿಂದ ಗೆದ್ದು ವಿಧಾನಸಭೆಗೆ ಹೋದರು. ಅವರ ಪಕ್ಷದ ಗುರುತು ಕತ್ತಿ ಮತ್ತು ತೆನೆ. ಅಕ್ಷರ ಬಾರದವರೂ ಚಿತ್ರ ನೋಡಿ ಮತ ಹಾಕಬಹುದಿತ್ತು. ಆಗ ಮುಖ್ಯಮಂತ್ರಿ ದೇವರಾಜ ಅರಸರು. ತಿದ್ದುಪಡಿಯಾದ ಭೂಸುಧಾರಣೆ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂದರೆ ಇದೇ.

ಆದರೆ ಭೂಮಿ ತಾನಾಗಿ ಕೈಗೆ ಬರಲಿಲ್ಲ. ಒಕ್ಕಲಿನವರು 7ನೇ ನಮೂನೆಯ ಅರ್ಜಿ ಹಾಕಬೇಕಿತ್ತು. ಅದೇ ಡಿಕ್ಲರೇಶನ್. ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ತೀರ್ಪು ಕೊಡುತ್ತಿತ್ತು. ಧಣಿಗೆ ಹೆದರಿ, ಇಲ್ಲವೇ ದಾಕ್ಷಿಣ್ಯಕ್ಕೆ ಬಿದ್ದು ಅರ್ಜಿ ಹಾಕದವರೂ ಇದ್ದರು. ಅಂಥವರಿಗೆ ಜಾಗ ತಪ್ಪಿತು. ಅರ್ಜಿ ಓದಲು ಬಾರದೆ ಬೇರೆಯವರ ಮಾತು ನಂಬಿ ಹೆಬ್ಬೆಟ್ಟು ಒತ್ತಿದವರೂ ಉಂಟು.

1978ರಲ್ಲಿ ಕಕ್ಕಿಲ್ಲಾಯರು ನಮ್ಮ ವಿಟ್ಲದಿಂದಲೇ ಗೆದ್ದರು. ಆಗ ವಿಟ್ಲವೇ ಒಂದು ಕ್ಷೇತ್ರ. 2008ರ ಚುನಾವಣೆಯಿಂದ ನಾವು ಪುತ್ತೂರು ಕ್ಷೇತ್ರಕ್ಕೆ ಸೇರಿದೆವು. ಅವರು 2012ರಲ್ಲಿ ತೀರಿಕೊಂಡರು.

ಒಂದು ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ನೇಜಿ ನೆಟ್ಟವರು ಹೆಂಗಸರು. ಆದರೆ ಡಿಕ್ಲರೇಶನ್ ಹೆಚ್ಚಾಗಿ ಗಂಡಸರ ಹೆಸರಿನಲ್ಲೇ ಆಯಿತು. ಮುಂದಿನ ಪಾಠದ ದಿನ ನಿಮ್ಮ ಜಾಗದ ಆರ್‌ಟಿಸಿ ತನ್ನಿ. ಅದರ 9ನೇ ಕಲಂನಲ್ಲಿ ಯಾರ ಹೆಸರುಂಟು ಎಂದು ನೀವೇ ಓದಿ ಹೇಳಿ.